ಬಿಗಿದ ಕೈ ಸಡಿಲುವ ಬಗೆ

ಕಿಕ್ಕೇರಿಯ ಹೆಸರನ್ನು ಕೇಳಿದೊಡನೆ ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಒಂದು, ಹೊಯ್ಸಳರ ಕಾಲದಲ್ಲಿ, 1171ರಲ್ಲಿ, ನಿರ್ಮಾಣವಾದ ಬ್ರಹ್ಮೇಶ್ವರ ದೇವಾಲಯ. ಮತ್ತೊಂದು, 1915ರಲ್ಲಿ ಅಲ್ಲಿ ಜನಿಸಿ, 1942ರಲ್ಲಿ ‘ಮೈಸೂರ ಮಲ್ಲಿಗೆ’ಯನ್ನು ಕನ್ನಡಿಗರ ಕೈಗಿತ್ತ ಕವಿ ಕೆ. ಎಸ್. ನರಸಿಂಹಸ್ವಾಮಿಯವರ ಹೆಸರು. ಶಿಲ್ಪವನ್ನು ಕುರಿತೂ ಕಾವ್ಯವನ್ನು ಕುರಿತೂ ಮಾತನಾಡಬಲ್ಲ ವಿದ್ವಾಂಸರು ನಮ್ಮಲ್ಲಿ ಬಹುಮಂದಿ ಇದ್ದಾರೆ. ನಾವು ಈ ದಿನ ಶ್ರೋತೃಗಳ ಮುಂದಿಡಬೇಕೆಂದಿರುವುದು ಅದೇ ಊರಿನ ಮೂರನೆಯದೊಂದು ಮುಖವನ್ನು. ದಿನಸಿ ಅಂಗಡಿ, ಜವಳಿ ಅಂಗಡಿ, ಸಂತೆ, ಇವುಗಳ ಮುಂದೆ ನಿಂತು, ಕೈಯಲ್ಲಿರುವ ಹಣವನ್ನು ಬಿಚ್ಚಲೋ ಬೇಡವೋ ಎಂದು ಯೋಚಿಸುವ ಗೃಹಸ್ಥನ ಮನಸ್ಸನ್ನು ಕುರಿತು ನಾವು ಮಾತನಾಡಲಿದ್ದೇವೆ.

ಕಿಕ್ಕೇರಿಯು ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿದ ಹೋಬಳಿಯ ಕೇಂದ್ರ. ಕೃಷ್ಣರಾಜಪೇಟೆಯಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವ ರಸ್ತೆಯಲ್ಲಿ ಅದು ಇದೆ. ಭತ್ತ, ರಾಗಿ, ಕಬ್ಬು, ತೆಂಗು ಇವು ಸುತ್ತಣ ಬೆಳೆಗಳು. ಹೈನುಗಾರಿಕೆ ಬಹುತೇಕ ಮನೆಗಳ ಆಧಾರ. ಅದು ಪಟ್ಟಣವೂ ಅಲ್ಲ, ಬರಿಯ ಹಳ್ಳಿಯೂ ಅಲ್ಲ. ಸುತ್ತಲ ಊರುಗಳ ಜನರು ಕಛೇರಿಯ ಕೆಲಸಕ್ಕೂ ಬಸ್ಸಿಗೂ ಕೊಳ್ಳುವಿಕೆಗೂ ಬಂದು ಹೋಗುವ ಸ್ಥಳ. ಇಂತಹ ಕಡೆಯಲ್ಲಿಯೇ ದೇಶದ ಏಳುಬೀಳುಗಳು ಮನೆಯ ಕಷ್ಟಸುಖಗಳಾಗಿ ಮಾರ್ಪಡುವುದನ್ನು ಕಾಣಬಹುದು.

2020ರಲ್ಲಿ ಕೋವಿಡ್ ಪಿಡುಗಿನ ದೆಸೆಯಿಂದ ದೇಶದ ವ್ಯವಹಾರವು ಹಿಂದೆಂದೂ ಕಾಣದಷ್ಟು ಕುಗ್ಗಿತು. ಆ ವರ್ಷದ ಏಪ್ರಿಲಿನಿಂದ ಜೂನ್‌ವರೆಗಿನ ಮೂರು ತಿಂಗಳುಗಳಲ್ಲಿ ರಾಷ್ಟ್ರದ ಒಟ್ಟು ಉತ್ಪನ್ನವು ಹಿಂದಣ ವರ್ಷದ ಅದೇ ಅವಧಿಗಿಂತ ನೂರಕ್ಕೆ 23.9ರಷ್ಟು ಇಳಿಯಿತೆಂದು ಸರ್ಕಾರದ ಮೊದಲ ಅಂದಾಜು ತಿಳಿಸಿತು. 2020-21ನೆಯ ಇಡೀ ವರ್ಷದ ಇಳಿತವು, ಲೆಕ್ಕಗಳನ್ನು ಪರಿಷ್ಕರಿಸಿದ ಮೇಲೆ, ನೂರಕ್ಕೆ 5.8 ಎಂದಾಯಿತು. ಮರುವರ್ಷ, ಎಂದರೆ 2021-22ರಲ್ಲಿ, ಉತ್ಪನ್ನವು ಪಿಡುಗಿಗೆ ಮುಂಚಿನ ಮಟ್ಟವನ್ನು ದಾಟಿತು. ಆದರೂ ಅಂಗಡಿಗಳಲ್ಲಿ ಹಿಂದಿನ ಗದ್ದಲವಿರಲಿಲ್ಲ. ಆಗ ಪಟ್ಟಣಗಳ ಜಗಲಿಗಳಲ್ಲಿ ಕೇಳಿಬಂದ ಪ್ರಶ್ನೆ ಇದು: ‘ಎಲ್ಲವೂ ಸರಿಹೋಯಿತಲ್ಲ, ಜನ ಇನ್ನೂ ಏಕೆ ಕೈ ಬಿಗಿಹಿಡಿದಿದ್ದಾರೆ?’ ಕೆಲವರು ಅದಕ್ಕೆ ಉತ್ತರವನ್ನೂ ತಾವೇ ಹೇಳಿದರು: ಜನರಿಗೆ ಧೈರ್ಯ ಸಾಲದು, ಯಾರಾದರೂ ಧೈರ್ಯ ತುಂಬಬೇಕು. ಈ ತೀರ್ಪು ಸರಿಯಾದುದೇ ಎಂಬುದನ್ನು ನಾವು ವಿವೇಚಿಸೋಣ.

ಮನುಷ್ಯನು ಒಂದು ಪದಾರ್ಥವನ್ನು ಕೊಳ್ಳಬೇಕಾದರೆ ಎರಡು ಇರಬೇಕು: ಕೊಳ್ಳುವ ಶಕ್ತಿ ಮತ್ತು ಕೊಳ್ಳುವ ಮನಸ್ಸು. ಮೊದಲನೆಯದನ್ನು ಆದಾಯದ ಲೆಕ್ಕದಿಂದ ಅಳೆಯಬಹುದು. ಎರಡನೆಯದನ್ನು ಅಳೆಯುವುದು ಹೇಗೆ? ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಕಟೋನ ಎಂಬ ವಿದ್ವಾಂಸರು, ಎರಡನೆಯ ಮಹಾಯುದ್ಧವು ಮುಗಿದ ಮರುವರ್ಷ, ಅಂದರೆ 1946ರಿಂದ, ಸಂಸಾರಸ್ಥರನ್ನೇ ನೇರವಾಗಿ ಪ್ರಶ್ನಿಸುವ ಕ್ರಮವನ್ನು ಆರಂಭಿಸಿದರು. ಹೋದ ವರ್ಷಕ್ಕಿಂತ ಈಗ ನಿಮ್ಮ ಸ್ಥಿತಿ ಹೇಗಿದೆ? ಬರುವ ವರ್ಷ ಹೇಗಿರಬಹುದು? ಪ್ರಶ್ನೆಗಳು ಇಷ್ಟು ಸರಳವಾದವು. ಆದರೆ ಇವುಗಳಿಗೆ ಸಹಸ್ರಾರು ಜನರು ಕೊಡುವ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದರೆ, ಮುಂದೆ ವ್ಯಾಪಾರವು ಯಾವ ಕಡೆಗೆ ಹೊರಳುವುದೆಂಬುದರ ಸುಳಿವು ದೊರೆಯುತ್ತದೆಂದು ಅವರು ತೋರಿಸಿದರು.

ನಮ್ಮ ದೇಶದಲ್ಲಿ ಈ ಕೆಲಸವನ್ನು ರಿಸರ್ವ್ ಬ್ಯಾಂಕು ಮಾಡುತ್ತ ಬಂದಿದೆ. ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಕುಟುಂಬಗಳನ್ನು ಅದು ಐದು ವಿಷಯಗಳನ್ನು ಕುರಿತು ಕೇಳುತ್ತದೆ: ದೇಶದ ಸಾಮಾನ್ಯ ಆರ್ಥಿಕ ಸ್ಥಿತಿ, ಉದ್ಯೋಗ, ಬೆಲೆಗಳು, ಮನೆಯ ಆದಾಯ, ಮನೆಯ ಖರ್ಚು. ಉತ್ತಮವಾಯಿತೆನ್ನುವವರ ಸಂಖ್ಯೆಯಿಂದ ಕೆಟ್ಟಿತೆನ್ನುವವರ ಸಂಖ್ಯೆಯನ್ನು ಕಳೆದು, ಐದರ ಸರಾಸರಿಗೆ 100ನ್ನು ಕೂಡಿಸಿದರೆ ಬರುವುದೇ ಸೂಚ್ಯಂಕ. ಅದು 100ಕ್ಕಿಂತ ಮೇಲಿದ್ದರೆ ನೆಚ್ಚಿಕೆಯುಳ್ಳವರು ಹೆಚ್ಚು. ಕೆಳಗಿದ್ದರೆ ಅಳುಕುವವರು ಹೆಚ್ಚು. ಈಗಿನ ಸ್ಥಿತಿಗೆ ಒಂದು ಸೂಚ್ಯಂಕವೂ ಮುಂದಿನ ಒಂದು ವರ್ಷದ ನಿರೀಕ್ಷೆಗೆ ಇನ್ನೊಂದು ಸೂಚ್ಯಂಕವೂ ಉಂಟು.

ಈ ಅಂಕಿಗಳ ಜಾಡನ್ನು ಕೊಂಚ ನೋಡೋಣ. ಪಿಡುಗು ಬರುವುದಕ್ಕೆ ಮುಂಚೆಯೇ ಈಗಿನ ಸ್ಥಿತಿಯ ಸೂಚ್ಯಂಕವು 100ಕ್ಕಿಂತ ಕೆಳಗಿದ್ದಿತು. 2020ರ ಮಾರ್ಚಿಯಲ್ಲಿ ಅದು 85.6. ಅದೇ ವರ್ಷದ ಸೆಪ್ಟೆಂಬರಿನಲ್ಲಿ 49.9. ಎರಡನೆಯ ಅಲೆಯ ಕಾಲದಲ್ಲಿ, 2021ರ ಮೇ ತಿಂಗಳಿನಲ್ಲಿ, 48.5. ಅದಕ್ಕಿಂತ ಕೆಳಗೆ ಅದು ಅದುವರೆಗೆ ಎಂದೂ ಇಳಿದಿರಲಿಲ್ಲ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ 2024ರ ಮಾರ್ಚಿಯಲ್ಲಿ 98.5ನ್ನು ಮುಟ್ಟಿತು. ಶ್ರೋತೃಗಳು ಗಮನಿಸಬೇಕು: ಉತ್ಪನ್ನವು ಹಿಂದಿನ ಮಟ್ಟಕ್ಕೆ ಬಂದುದು 2021-22ರಲ್ಲಿ. ಮನಸ್ಸು 100ರ ಹೊಸ್ತಿಲ ಬಳಿಗೆ ಬಂದುದು ಅದಾದ ಎರಡು ವರ್ಷಗಳ ಮೇಲೆ. ಈ ಎರಡು ವರ್ಷಗಳ ಅಂತರವನ್ನು ಅಳುಕೆಂದು ಹೇಳಿ ತಳ್ಳಿಹಾಕುವುದು ಸುಲಭ. ಅದರ ಒಳಗಿರುವ ವಿವೇಕವನ್ನು ಅರಿಯಬೇಕಾದರೆ ಕಿಕ್ಕೇರಿಯಂತಹ ಊರಿಗೆ ಹೋಗಬೇಕು.

ಆ ಹೋಬಳಿಯ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ. ಅಲ್ಲಿನ ಅನೇಕ ಮನೆಗಳ ಬಾಳಿನ ಕ್ರಮ. ಎರಡು ಎಕರೆ ಜಮೀನು. ಅದರಲ್ಲಿ ಒಂದು ಪಾಲು ಕಬ್ಬು, ಉಳಿದುದು ಭತ್ತ, ರಾಗಿ. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸುಗಳು. ಹಿರಿಯ ಮಗ ಮುಂಬಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದಾನೆ. ಈ ಮನೆಗೆ ಹಣವು ಮೂರು ಕಾಲುವೆಗಳಲ್ಲಿ ಹರಿದು ಬರುತ್ತದೆ. ಹಾಲಿನ ಬಟವಾಡೆ ವಾರಕ್ಕೋ ಪಕ್ಷಕ್ಕೋ ಒಮ್ಮೆ ಬರುತ್ತದೆ. ಅದು ದಿನಸಿ ಅಂಗಡಿಯ ಬಾಕಿಗೆ, ಹಿಂಡಿ ಬೂಸಕ್ಕೆ, ಮಕ್ಕಳ ಪುಸ್ತಕಕ್ಕೆ ಸಾಲುತ್ತದೆ. ಮಗನು ಕಳುಹಿಸುವ ಹಣ ತಿಂಗಳಿಗೊಮ್ಮೆ. ಅದು ಚೀಟಿಗೆ, ಸಾಲದ ಕಂತಿಗೆ. ಕಬ್ಬಿನ ಹಣ ವರ್ಷಕ್ಕೊಮ್ಮೆ. ಅದು ಮನೆಯ ಮೇಲಣ ತಾರಸಿಗೆ, ಮಗಳ ಮದುವೆಗೆ, ಹೊಸ ಹಸುವಿಗೆ. ಒಂದೊಂದು ಬಗೆಯ ಹಣಕ್ಕೂ ಒಂದೊಂದು ಬಗೆಯ ಭರವಸೆ ಅಂಟಿಕೊಂಡಿದೆ. ಬಟವಾಡೆಯನ್ನು ನೆಚ್ಚಿ ನಾಳೆಯ ಸಾಮಾನನ್ನು ಉದ್ದರಿ ತರುವ ಗೃಹಿಣಿಯು, ಕಬ್ಬಿನ ಹಣವನ್ನು ನೆಚ್ಚಿ ಉದ್ದರಿ ತರುವುದಿಲ್ಲ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಕಾಲುವೆಗಳಲ್ಲಿ ಮೊದಲು ಬತ್ತಿದುದು ಮುಂಬಯಿಯ ಕಾಲುವೆ. ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದವರು ಬಹುಮಂದಿ. ಹೋಟೆಲುಗಳು ಮುಚ್ಚಿದುವು, ಸಂಬಳ ನಿಂತಿತು. ಮೇ ತಿಂಗಳಿನಲ್ಲಿ ಅವರು ಊರುಗಳಿಗೆ ಮರಳತೊಡಗಿದರು. ಆ ತಿಂಗಳು ಮಂಡ್ಯ ಜಿಲ್ಲೆಯಲ್ಲಿ ಕಂಡುಬಂದ ಸೋಂಕಿನ ಪ್ರಕರಣಗಳಲ್ಲಿ ಹೆಚ್ಚಿನವು ಮುಂಬಯಿಯಿಂದ ಬಂದವರಲ್ಲಿಯೇ ಕಾಣಿಸಿಕೊಂಡುವು. ಅದರಲ್ಲಿಯೂ ಕೃಷ್ಣರಾಜಪೇಟೆ ತಾಲ್ಲೂಕಿನ ಹೆಸರು ದಿನದಿನವೂ ವಾರ್ತೆಗಳಲ್ಲಿ ಕೇಳಿಬಂದಿತು. ಬಂದವರನ್ನು ಶಾಲೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಪ್ರತ್ಯೇಕವಾಗಿರಿಸಬೇಕಾಯಿತು. ಯಾರ ಹಣದಿಂದ ಊರಿನ ಚೀಟಿ ನಡೆಯುತ್ತಿದ್ದಿತೋ, ಯಾರು ಹಬ್ಬಕ್ಕೆ ಬಂದಾಗ ಬೀದಿಯ ಮಕ್ಕಳೆಲ್ಲ ಸಂಭ್ರಮಪಡುತ್ತಿದ್ದರೋ, ಅವರು ಬರುವ ಸುದ್ದಿಯನ್ನು ಕೇಳಿ ಊರು ಬೆದರುವಂತಾಯಿತು. ಇದನ್ನು ನಾವು ದೂರುವುದಕ್ಕಾಗಿ ಹೇಳುತ್ತಿಲ್ಲ. ಭೀತಿಗೂ ಕಾರಣವಿದ್ದಿತು. ಆದರೆ ನೆರೆಹೊರೆಯ ನಂಬುಗೆಗೆ ಬಿದ್ದ ಈ ಪೆಟ್ಟೂ ಆರ್ಥಿಕ ಪೆಟ್ಟೇ ಎಂಬುದನ್ನು ಮರೆಯಬಾರದು. ಕೈಸಾಲವೂ ಉದ್ದರಿಯೂ ಚೀಟಿಯೂ ಮುಖಪರಿಚಯದ ಮೇಲೆ ನಡೆಯುವ ವ್ಯವಹಾರಗಳು. ಮುಖವನ್ನೇ ನೋಡಲಂಜುವ ಕಾಲದಲ್ಲಿ ಅವು ನಡೆಯುವುದು ಹೇಗೆ?

ಇಂತಹ ಸಮಯದಲ್ಲಿ ಪ್ರತಿಯೊಂದು ಮನೆಯೂ ಮಾಡುವುದು ಒಂದೇ: ಖರ್ಚನ್ನು ಕಡಿಮೆ ಮಾಡಿ ಇದ್ದುದನ್ನು ಕೂಡಿಡುವುದು. 2020ರ ಏಪ್ರಿಲ್-ಜೂನ್ ಅವಧಿಯಲ್ಲಿ ದೇಶದ ಕುಟುಂಬಗಳು ಹಣದ ರೂಪದಲ್ಲಿ ಉಳಿಸಿದ ಮೊತ್ತವು ರಾಷ್ಟ್ರೋತ್ಪನ್ನದ ನೂರಕ್ಕೆ 21ರಷ್ಟಕ್ಕೆ ಏರಿತೆಂದು ರಿಸರ್ವ್ ಬ್ಯಾಂಕು ಅಂದಾಜು ಮಾಡಿತು. ಮುಂದಿನ ಮೂರು ತಿಂಗಳಲ್ಲಿ ಅದು 10.4ಕ್ಕೆ ಇಳಿಯಿತು. ಉಳಿಸಬಲ್ಲವರು ಹೆದರಿ ಉಳಿಸಿದರು. ಉಳಿಸಲಾರದವರು ಇದ್ದುದನ್ನು ಕರಗಿಸಿದರು. ಇಲ್ಲಿ ಒಂದು ವಿಚಿತ್ರವಾದ ತೊಡಕಿದೆ. ಕಿಕ್ಕೇರಿಯ ರೈತನು ಈ ವರ್ಷ ಹೊಸ ಬಟ್ಟೆ ಬೇಡವೆಂದು ನಿಶ್ಚಯಿಸಿದರೆ ಅದು ಅವನ ಮನೆಗೆ ವಿವೇಕ. ಊರವರೆಲ್ಲ ಹಾಗೆಯೇ ನಿಶ್ಚಯಿಸಿದರೆ ಜವಳಿ ಅಂಗಡಿಯವನು ಆಳನ್ನು ಬಿಡಿಸುತ್ತಾನೆ. ದರ್ಜಿಗೆ ಕೆಲಸ ಇಲ್ಲದಾಗುತ್ತದೆ. ದರ್ಜಿಯ ಮನೆಯವರು ಹಾಲನ್ನು ಕಡಿಮೆ ಕೊಳ್ಳುತ್ತಾರೆ. ಕಡೆಗೆ ಆ ಕೊರತೆ ರೈತನ ಕೊಟ್ಟಿಗೆಗೇ ಬಂದು ಮುಟ್ಟುತ್ತದೆ. ಒಂದು ಮನೆಗೆ ಒಳ್ಳೆಯದಾದುದು ಎಲ್ಲ ಮನೆಗಳೂ ಮಾಡಿದಾಗ ಎಲ್ಲರಿಗೂ ಕೆಡುಕಾಗಬಹುದೆಂಬ ಈ ಸಂಗತಿಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಜಾನ್ ಮೇನಾರ್ಡ್ ಕೇನ್ಸರು 1936ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ವಿಶದಪಡಿಸಿದರು. ಆದಕಾರಣ, ‘ನೀನು ಧೈರ್ಯವಾಗಿ ಖರ್ಚು ಮಾಡು’ ಎಂದು ಒಬ್ಬ ಗೃಹಸ್ಥನಿಗೆ ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ. ಅವನೊಬ್ಬನೇ ಖರ್ಚು ಮಾಡಿದರೆ ಅವನು ಕೆಡುತ್ತಾನೆ, ಅಷ್ಟೆ.

ಕೇನ್ಸರು ಆ ಗ್ರಂಥವನ್ನು ಬರೆದುದು 1929ರಲ್ಲಿ ಆರಂಭವಾದ ಜಗದ್ವ್ಯಾಪಿಯಾದ ಆರ್ಥಿಕ ಮುಗ್ಗಟ್ಟಿನ ಹಿನ್ನೆಲೆಯಲ್ಲಿ. ಆ ಮುಗ್ಗಟ್ಟು ನಮ್ಮ ಮೈಸೂರು ಸೀಮೆಯನ್ನೂ ಬಿಡಲಿಲ್ಲ. ನಾಲ್ಕೈದು ವರ್ಷಗಳೊಳಗಾಗಿ ಧಾನ್ಯಗಳ ಬೆಲೆ ಸುಮಾರು ಅರ್ಧಕ್ಕೆ ಕುಸಿಯಿತು. ಕಂದಾಯವೂ ಸಾಲದ ಬಡ್ಡಿಯೂ ಹಣದ ಲೆಕ್ಕದಲ್ಲಿ ಗೊತ್ತಾಗಿದ್ದುದರಿಂದ, ಹಿಂದೆ ಒಂದು ಪಲ್ಲ ಮಾರಿ ತೀರಿಸುತ್ತಿದ್ದುದಕ್ಕೆ ಎರಡು ಪಲ್ಲ ಮಾರಬೇಕಾಯಿತು. ಆ ಸ್ಥಿತಿಯಿಂದ ಈಗಿನ ಮಂಡ್ಯ ಜಿಲ್ಲೆಯ ಬಯಲುಸೀಮೆ ಏಳುವುದಕ್ಕೆ ಸಹಾಯವಾದುದು ಯಾವುದು? ಕೃಷ್ಣರಾಜಸಾಗರದ ನೀರು, ಆಗ ಇರ್ವಿನ್ ನಾಲೆಯೆಂದು ಹೆಸರಾಗಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದುದು ಒಂದು. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆತುದು ಎರಡು. ಸರ್ ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದ ಕಾಲದಲ್ಲಿ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾದುದು ಮೂರು. ನೀರು ಬಂದಿತು, ಬೆಳೆ ಬದಲಾಯಿತು ಎಂಬುದಷ್ಟೇ ಇಲ್ಲಿನ ಸಂಗತಿಯಲ್ಲ. ಬೆಳೆದ ಕಬ್ಬನ್ನು ಕೊಳ್ಳುವವನು ಒಬ್ಬನಿದ್ದಾನೆ, ಅವನು ಎಲ್ಲಿಗೂ ಓಡಿಹೋಗುವುದಿಲ್ಲ ಎಂಬ ನಿಶ್ಚಯವು ರೈತನ ಮನಸ್ಸಿನಲ್ಲಿ ಊರಿತು. ನೀರಿನಷ್ಟೇ ಬೆಲೆಯುಳ್ಳದ್ದು ಈ ನಿಶ್ಚಯ.

ಆ ಮುಗ್ಗಟ್ಟಿನ ಕಾಲಕ್ಕೂ ಈಚಿನ ಮುಗ್ಗಟ್ಟಿಗೂ ಇನ್ನೊಂದು ಹೋಲಿಕೆ ಚಿನ್ನದ ವಿಷಯದಲ್ಲಿದೆ. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಸುವರ್ಣಮಾನವನ್ನು ಕೈಬಿಟ್ಟ ಮೇಲೆ, ತೊಲಕ್ಕೆ 21 ರೂಪಾಯಿಯ ಆಸುಪಾಸಿನಲ್ಲಿದ್ದ ಚಿನ್ನದ ಬೆಲೆ ಮುಂದಿನ ವರ್ಷಗಳಲ್ಲಿ 30 ರೂಪಾಯಿಯನ್ನು ದಾಟಿತು. ಕೆಲವರು ಲಾಭಕ್ಕಾಗಿ, ಬಹುಮಂದಿ ಗತಿಯಿಲ್ಲದೆ, ತಲೆಮಾರುಗಳ ಒಡವೆಗಳನ್ನು ಮಾರಿದರು. ದೇಶದ ಚಿನ್ನವು ಹಡಗುಗಳಲ್ಲಿ ಹೊರಕ್ಕೆ ಹೋಯಿತು. 2020ರ ಆಗಸ್ಟಿನಲ್ಲಿಯೂ ಚಿನ್ನದ ಬೆಲೆ ಏರಿ ಹತ್ತು ಗ್ರಾಮಿಗೆ ಸುಮಾರು 56,000 ರೂಪಾಯಿಯನ್ನು ಮುಟ್ಟಿತು. ಅದೇ ತಿಂಗಳು ರಿಸರ್ವ್ ಬ್ಯಾಂಕು, ಬೇಸಾಯೇತರ ಅಗತ್ಯಗಳಿಗೆ ಬ್ಯಾಂಕುಗಳು ಒಡವೆಯ ಮೇಲೆ ಕೊಡಬಹುದಾದ ಸಾಲವನ್ನು ಬೆಲೆಯ ನೂರಕ್ಕೆ 75ರಿಂದ 90ಕ್ಕೆ, 2021ರ ಮಾರ್ಚಿಯವರೆಗೆ, ಏರಿಸಿತು. ಈ ಸಲ ಬಹುಮಂದಿ ಒಡವೆಯನ್ನು ಮಾರಲಿಲ್ಲ, ಗಿರವಿ ಇಟ್ಟರು. ಇದು ಸಣ್ಣ ವ್ಯತ್ಯಾಸವೆಂದು ಶ್ರೋತೃಗಳು ತಿಳಿಯಬಾರದು. ಗತಿಯಿಲ್ಲದೆ ಮಾರುವವಳು ಒಡವೆಯ ಆಸೆಯನ್ನು ಬಿಟ್ಟವಳು. ಗಿರವಿ ಇಡುವವಳು, ಒಂದು ದಿನ ಬಿಡಿಸಿಕೊಂಡೇನು ಎಂಬ ನಂಬುಗೆಯನ್ನು ಚೀಟಿಯೊಡನೆ ಪೆಟ್ಟಿಗೆಯಲ್ಲಿಟ್ಟುಕೊಂಡವಳು. ಬರಿದಾದ ಕೊರಳಿನಲ್ಲಿಯೂ ಭರವಸೆ ಇರಬಹುದು. ಆದರೆ ಆ ಭರವಸೆಯ ಮೇಲೆ ತಿಂಗಳು ತಿಂಗಳಿಗೂ ಬಡ್ಡಿ ಏರುತ್ತಿರುತ್ತದೆ.

ಈ ಸೂಕ್ಷ್ಮವೇ ನಗರಗಳ ಸೂಚ್ಯಂಕಗಳಲ್ಲಿಯೂ ಕಾಣುತ್ತದೆ. 2020ರ ಸೆಪ್ಟೆಂಬರಿನಲ್ಲಿ ಈಗಿನ ಸ್ಥಿತಿಯ ಸೂಚ್ಯಂಕ 49.9 ಆಗಿದ್ದಾಗ, ಮುಂದಿನ ವರ್ಷದ ನಿರೀಕ್ಷೆಯ ಸೂಚ್ಯಂಕ 115.9 ಇದ್ದಿತು. ಈ ಹೊತ್ತು ಕೆಟ್ಟುದು, ನಾಳೆ ಮೇಲು ಎಂದು ಹೇಳುವ ಜನರನ್ನು ಅಧೀರರೆನ್ನಬಹುದೆ? ಚೇತರಿಕೆಯ ಕಾಲದಲ್ಲಿ ಮನಸ್ಸು ಏಳುವ ಕ್ರಮವೇ ಇದು. ಮೊದಲು ನಾಳೆಯ ಮೇಲೆ ಆಸೆ ಹುಟ್ಟುತ್ತದೆ. ಅನಂತರ ಈ ಹೊತ್ತಿನ ಸ್ಥಿತಿ ಸುಧಾರಿಸಿತೆಂಬ ಅರಿವು ಬರುತ್ತದೆ. ಕೈಚೀಲದ ಬಾಯಿ ತೆರೆಯುವುದು ಎಲ್ಲಕ್ಕೂ ಕಡೆಗೆ.

ಆ ತೆರೆಯುವಿಕೆಗೂ ಒಂದು ಅನುಕ್ರಮವುಂಟು. ಮೊದಲು ಉದ್ದರಿಯ ಬಾಕಿ ತೀರುತ್ತದೆ. ಏಕೆಂದರೆ ಬಾಕಿ ತೀರಿಸದೆ ಅಂಗಡಿಯ ಮೆಟ್ಟಿಲನ್ನು ಹತ್ತಲಾಗದು. ಅನಂತರ ಚಿಕ್ಕ ಪೊಟ್ಟಣದಲ್ಲಿ ಕೊಳ್ಳುತ್ತಿದ್ದ ಕಾಫಿಪುಡಿ, ಸೋಪು, ಎಣ್ಣೆ ಮತ್ತೆ ದೊಡ್ಡ ಪೊಟ್ಟಣಕ್ಕೆ ಬರುತ್ತವೆ. ಮುಂದೂಡಿದ್ದ ರಿಪೇರಿಗಳು ನಡೆಯುತ್ತವೆ: ಸೋರುವ ಹೆಂಚು, ಕೆಟ್ಟ ಪಂಪುಸೆಟ್ಟು. ಆಮೇಲೆ ಹಬ್ಬದ ಬಟ್ಟೆ. ಆಮೇಲೆ ಹಸು. ನಿಂತಿದ್ದ ಚೀಟಿ ಮತ್ತೆ ಆರಂಭವಾದರೆ, ಊರಿನವರಿಗೆ ತಮ್ಮ ಸಂಪಾದನೆಯ ಮೇಲೆ ಮಾತ್ರವಲ್ಲ, ಒಬ್ಬರ ಮೇಲೊಬ್ಬರಿಗೂ ನಂಬುಗೆ ಮರಳಿತೆಂದು ತಿಳಿಯಬೇಕು. ಗಿರವಿಯ ಒಡವೆ ಬಿಡಿಸಿಕೊಂಡು ಬರುವುದೂ ಮನೆ ಕಟ್ಟುವುದೂ ಕಟ್ಟಕಡೆಯ ಮಾತು. ಪಟ್ಟಣದ ವ್ಯಾಪಾರಿಯು ಕಡೆಯದನ್ನು ಮೊದಲೇ ಬಯಸಿ, ಅದು ಬಾರದಿದ್ದಾಗ ಜನರಲ್ಲಿ ಉತ್ಸಾಹವಿಲ್ಲವೆಂದು ಹಳಿಯುತ್ತಾನೆ.

ಹಾಗಾದರೆ ಈ ಅನುಕ್ರಮವು ಮುಂದುವರಿಯುವಂತೆ ಮಾಡುವುದು ಯಾವುದು? ನಮ್ಮ ಅಭಿಪ್ರಾಯದಲ್ಲಿ, ಹೇಳಿದ ದಿನಕ್ಕೆ ಹೇಳಿದಷ್ಟು ಹಣ ಕೈಸೇರುವುದು. ಪಿಡುಗಿನ ಕಾಲದಲ್ಲಿ ಹೋಟೆಲು ಮದುವೆಗಳು ನಿಂತು ಹಾಲಿನ ಬೇಡಿಕೆ ಇಳಿದಿದ್ದಾಗಲೂ ಸಹಕಾರ ಸಂಘಗಳ ಡೇರಿಗಳು ಬೆಳಗ್ಗೆ ಸಂಜೆ ಹಾಲನ್ನು ಅಳೆದುಕೊಂಡುವು. 2020ರ ಏಪ್ರಿಲಿನಲ್ಲಿ ಮಿಕ್ಕ ಹಾಲಿನ ಒಂದು ಭಾಗವನ್ನು ರಾಜ್ಯ ಸರ್ಕಾರವೇ ಕೊಂಡು ನಗರಗಳ ಬಡವರಿಗೆ ಹಂಚಿತು. ಹೀಗಾಗಿ ಮುಂಬಯಿಯ ಕಾಲುವೆ ಬತ್ತಿದ ಮನೆಗಳಲ್ಲಿಯೂ ಬಟವಾಡೆಯ ಕಾಲುವೆ ಸಣ್ಣಗೆ ಹರಿಯುತ್ತಿದ್ದಿತು. ಆಗ ಜಾರಿಯಲ್ಲಿದ್ದ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು ಮತ್ತೊಂದು ಆಸರೆಯಾಯಿತು. 2020-21ರಲ್ಲಿ ಅದರ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 275 ರೂಪಾಯಿ. ದೇಶದಲ್ಲೆಲ್ಲ ಆ ವರ್ಷ ಸುಮಾರು 389 ಕೋಟಿ ಮಾನವದಿನಗಳ ಕೆಲಸ ನಡೆಯಿತು. ನಗರಗಳಿಂದ ಮರಳಿದವರು ತಮ್ಮ ಊರಿನಲ್ಲಿಯೇ ಗುದ್ದಲಿ ಹಿಡಿದು ದಿನಗೂಲಿ ಸಂಪಾದಿಸುವ ದಾರಿ ಹಾಗೆ ತೆರೆದಿದ್ದಿತು. ಮಳೆಯೂ ಕೈಬಿಡಲಿಲ್ಲ, ಆ ವರ್ಷದ ಮುಂಗಾರು ದೇಶದಲ್ಲಿ ದೀರ್ಘಕಾಲದ ಸರಾಸರಿಯ ನೂರಕ್ಕೆ 109ರಷ್ಟು ಸುರಿಯಿತು. ಉಳಿದ ಉದ್ಯಮಗಳು ಕುಗ್ಗಿದ ಆ ವರ್ಷದಲ್ಲಿ ಬೇಸಾಯ ಕುಗ್ಗದೆ ಬೆಳೆಯಿತು.

ಇದಕ್ಕೆ ಪ್ರತಿಯಾಗಿ ಕಬ್ಬಿನ ಸಂಗತಿಯನ್ನು ನೋಡಿರಿ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ, ಕಬ್ಬು ಕಾರ್ಖಾನೆಗೆ ಸೇರಿದ 14 ದಿನಗಳೊಳಗಾಗಿ ಹಣವನ್ನು ಕೊಡತಕ್ಕದ್ದು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸತಕ್ಕದ್ದು. 2020-21ರ ಹಂಗಾಮಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ಬೆಲೆ, ನೂರಕ್ಕೆ 10ರಷ್ಟು ಸಕ್ಕರೆಯ ಇಳುವರಿಗೆ, ಕ್ವಿಂಟಾಲಿಗೆ 285 ರೂಪಾಯಿ. ಕಾಗದದ ಮೇಲೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇರೆ ಬೇಕಿಲ್ಲ. ಆದರೆ ಬಾಕಿ ಉಳಿಯುವುದು ನಮ್ಮ ಕಬ್ಬಿನ ಸೀಮೆಗಳಲ್ಲಿ ಹೊಸ ಸುದ್ದಿಯಲ್ಲ. ಮುಗ್ಗಟ್ಟಿನಲ್ಲಿ ಹುಟ್ಟಿ ಜಿಲ್ಲೆಗೆ ಧೈರ್ಯ ಕೊಟ್ಟ ಮಂಡ್ಯದ ಆ ಕಾರ್ಖಾನೆಯೇ ಕೆಲವು ವರ್ಷ ಅರೆಯುವುದನ್ನು ನಿಲ್ಲಿಸಿ, 2022ರಲ್ಲಿ ಮರಳಿ ಆರಂಭಿಸಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯೂ ನಿಂತುಹೋಗಿದ್ದು 2020ರಲ್ಲಿ ಗುತ್ತಿಗೆಯ ಮೇಲೆ ಮತ್ತೆ ನಡೆಯತೊಡಗಿತು. ಒಂದು ಕಾರ್ಖಾನೆಯ ಹೊಗೆ ನಿಂತರೆ ಕಬ್ಬು ಒಣಗುವುದು ಮಾತ್ರವಲ್ಲ. ಕೊಳ್ಳುವವನು ಇದ್ದೇ ಇರುತ್ತಾನೆಂಬ ನಿಶ್ಚಯವೂ ಒಣಗುತ್ತದೆ. ನೀರು ಬಿಟ್ಟೊಡನೆ ಕಬ್ಬಿನ ಕೂಳೆ ಚಿಗುರಬಹುದು. ನಿಶ್ಚಯವು ಅಷ್ಟು ಬೇಗ ಚಿಗುರುವುದಿಲ್ಲ. ಎರಡು ಮೂರು ಹಂಗಾಮುಗಳ ಹಣ ತಪ್ಪದೆ ಬಂದ ಮೇಲಲ್ಲವೆ ರೈತನು ಅದನ್ನು ನೆಚ್ಚಿ ಮಗಳ ಮದುವೆಯ ದಿನವನ್ನು ಗೊತ್ತುಮಾಡುವುದು?

ಬೆಲೆಗಳ ಏರಿಕೆಯೂ ಮನಸ್ಸನ್ನು ತಡೆಹಿಡಿಯಿತು. 2020ರ ಮಧ್ಯದಲ್ಲಿ 600 ರೂಪಾಯಿಯ ಆಸುಪಾಸಿನಲ್ಲಿದ್ದ ಅಡಿಗೆಯ ಅನಿಲದ ಸಿಲಿಂಡರು 2022ರ ಜುಲೈ ವೇಳೆಗೆ ಸಾವಿರವನ್ನು ದಾಟಿತು. ಅಡಿಗೆಯ ಎಣ್ಣೆಯ ಬೆಲೆಯೂ ಹಾಗೆಯೇ ಏರಿತು. ಆದಾಯವು ಹಿಂದಿನ ಮಟ್ಟಕ್ಕೆ ಬಂದಿತೆಂದು ಲೆಕ್ಕ ಹೇಳಬಹುದು. ಆದರೆ ಅದೇ ಆದಾಯವು ಹಿಂದಿನಷ್ಟು ಪದಾರ್ಥವನ್ನು ತಾರದಿರುವಾಗ ಗೃಹಿಣಿಯು ಯಾವುದನ್ನು ನಂಬಬೇಕು, ಲೆಕ್ಕವನ್ನೋ ಡಬ್ಬಿಯನ್ನೋ?

ನಗರದ ಮನಸ್ಸೂ ಹಳ್ಳಿಯ ಮನಸ್ಸೂ ಒಂದೇ ದಿನ ಏಳುವುದಿಲ್ಲ, ಒಂದೇ ದಿನ ಬೀಳುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ನಗರಗಳ ಸೂಚ್ಯಂಕವು 92.2ಕ್ಕೆ ಏರಿ, ಚೇತರಿಕೆ ಗಟ್ಟಿಯಾಯಿತೆಂಬ ಸಂತೋಷವನ್ನು ತಂದಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಮುಂಗಾರು ಕೈಕೊಟ್ಟು, ಕಡೆಗೆ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಆ ಸೆಪ್ಟೆಂಬರಿನಲ್ಲಿಯೇ ಕಾವೇರಿಯ ನೀರಿನ ಸಲುವಾಗಿ ಮಂಡ್ಯದಲ್ಲಿ ಬಂದ್ ನಡೆಯಿತು. ಒಂದೇ ತಿಂಗಳು, ಬೆಂಗಳೂರಿನ ಮನೆಯಲ್ಲಿ ಮುಂದಿನ ವರ್ಷದ ಆಸೆ, ಮಂಡ್ಯ ಜಿಲ್ಲೆಯ ಮನೆಯಲ್ಲಿ ಮುಂದಿನ ಬೆಳೆಯ ಚಿಂತೆ. ಸೂಚ್ಯಂಕವು ಸುಳ್ಳಾಡಿತೆಂದು ನಾವು ಹೇಳುವುದಿಲ್ಲ. ಅದು ಕೇಳಿದವರ ಮಾತನ್ನು ಅದು ಹೇಳಿತು. ನಗರದಲ್ಲಿ ಕೇಳಿ ಬಂದ ಮಾತನ್ನು ನಾಡಿನ ಮಾತೆಂದು ತಿಳಿಯುವ ತಪ್ಪು ಓದುವವರಾದ ನಮ್ಮದು.

ಇನ್ನು ನಮ್ಮ ಮೊದಲ ಪ್ರಶ್ನೆಗೆ ಹಿಂದಿರುಗೋಣ. ಚೇತರಿಕೆಯ ಕಾಲದಲ್ಲಿ ಜನ ಕೈ ಬಿಗಿಹಿಡಿದಿದ್ದರೆ ಅದು ಅಧೈರ್ಯವಲ್ಲ. ಅವರು ಕಂಡುಂಡ ಅನುಭವದ ಲೆಕ್ಕಾಚಾರ. ಒಮ್ಮೆ ತಪ್ಪಿದ ಸಂಬಳ, ಒಮ್ಮೆ ನಿಂತ ಕಾರ್ಖಾನೆ, ಒಮ್ಮೆ ಮುಚ್ಚಿದ ಬಾಗಿಲು, ಇವುಗಳನ್ನು ಮನಸ್ಸು ಬಹುಕಾಲ ಮರೆಯುವುದಿಲ್ಲ. ಭಾಷಣಗಳಿಂದ ಅದನ್ನು ಮರೆಸಲಾಗದು. ನಾಲ್ಕು ಸಲ ತಪ್ಪದೆ ಬಂದ ಬಟವಾಡೆ ಮಾತ್ರ ಅದನ್ನು ಮೆಲ್ಲಗೆ ಮರೆಸಬಲ್ಲುದು.

ಈ ಕೆಲಸವು ಸರ್ಕಾರಕ್ಕೆ, ಕಾರ್ಖಾನೆಗಳಿಗೆ ಮಾತ್ರ ಸೇರಿದುದೆಂದು ಪಟ್ಟಣವಾಸಿಗಳಾದ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಿಕ್ಕೇರಿಯಂತಹ ಊರುಗಳಿಂದ ಬಂದು ನಮ್ಮ ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ, ನಮ್ಮ ಮನೆಗಳಲ್ಲಿ ದುಡಿಯುವವರ ಸಂಬಳವನ್ನು ಕೊಡುವವರು ನಾವೇ. ಕಷ್ಟದ ತಿಂಗಳು ಬಂದಾಗ ಮೊದಲು ನಿಲ್ಲುವುದು ಅವರ ಸಂಬಳ. ಒಳ್ಳೆಯ ತಿಂಗಳು ಬಂದಾಗ ಕಡೆಗೆ ಏರುವುದೂ ಅದೇ. ತಿಂಗಳ ಮೊದಲ ದಿನ ಕೊಡುವೆವೆಂದ ಹಣವನ್ನು ಹತ್ತನೆಯ ದಿನ ಕೊಟ್ಟರೆ ನಮಗೆ ಅದು ಒಂಬತ್ತು ದಿನಗಳ ತಡ. ಊರಿನಲ್ಲಿ ಅದು ಚೀಟಿಯ ಕಂತು ತಪ್ಪಿದುದು, ಅಂಗಡಿಯವನ ಮುಂದೆ ತಲೆ ತಗ್ಗಿಸಿದುದು, ಗಿರವಿಯ ಮೇಲೆ ಇನ್ನೊಂದು ತಿಂಗಳ ಬಡ್ಡಿ. ಆದುದರಿಂದ ಮುಂದೆ ಯಾವಾಗಲಾದರೂ, ಜನ ಏಕೆ ಕೊಳ್ಳುತ್ತಿಲ್ಲವೆಂಬ ಪ್ರಶ್ನೆ ನಮ್ಮ ನಾಲಗೆಗೆ ಬಂದಾಗ, ನಾವು ಕೊಡಬೇಕಾದುದನ್ನು ಕೊಡಬೇಕಾದ ದಿನ ಕೊಟ್ಟಿದ್ದೇವೆಯೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಉಚಿತವೆಂದು ಸೂಚಿಸಿ, ಈ ಮಾತುಗಳನ್ನು ಮುಗಿಸುತ್ತೇವೆ.